ಅಜ್ಜನ ಕಾಲದ ರೈಫಲ್‌ಗೆ ಸ್ಕೋಪ್ ಕೂರಿಸಬೇಕೇ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ಬೆಳೆಗಾರರು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ತೋಟ ಮಾರಿ ತನ್ನ ದೇಶಕ್ಕೆ ಮರಳಿದ ಒಬ್ಬ ಇಂಗ್ಲಿಷ್ ದೊರೆಯಿಂದ ನಮ್ಮ ಅಜ್ಜ ಕೊಂಡ .375 ಮ್ಯಾಗ್ನಂ ರೈಫಲ್ ಮನೆಯಲ್ಲಿದೆ. ತೋಟಾ ತುಂಬಲು ಹಿಂದೆಮುಂದೆ ಎಳೆಯುವ ಮೌಸರ್ ಬೋಲ್ಟ್, ಗುರಿಯಿಡಲು ನಳಿಗೆಯ ಮೇಲೆ ಮಡಚುವ ಮೂರು ಎಲೆಗಳ ಸೈಟ್, ತುದಿಯಲ್ಲಿ ಬಿಳಿ ಮಣಿ. ದಾಖಲೆಗಳೆಲ್ಲ ಸರಿಯಾಗಿವೆ. ನನಗೀಗ 57 ವರ್ಷ. ಈಚೆಗೆ ಆ ಮಣಿ ಮಸುಕಾಗಿ ಕಾಣುತ್ತದೆ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಮುಂಚೆ ಇದಕ್ಕೊಂದು ಸ್ಕೋಪ್ (ಗುರಿಯನ್ನು ದೊಡ್ಡದಾಗಿ ತೋರಿಸುವ ಗಾಜಿನ ಕೊಳವೆ) ಕೂರಿಸೋಣ ಎಂದು ತಮ್ಮನ ಮಗ ಹಟ ಹಿಡಿದಿದ್ದಾನೆ. ಕಾಟಿ (ಕಾಡುಕೋಣ), ಆನೆಗಳ ಎದುರಿಗೆ ನಿಂತವರೇ ಸ್ಕೋಪ್ ಕೇಳಲಿಲ್ಲ, ಗಾಜಿಲ್ಲದ ಓಪನ್ ಸೈಟೇ ನಂಬಿಕಸ್ಥ ಎಂದು ಮನೆಯ ಹಿರಿಯರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಮೊದಲು ತೀರ್ಮಾನವನ್ನೇ ಹೇಳಿಬಿಡುತ್ತೇನೆ, ಕಾರಣಗಳು ಅನಂತರ ಬರಲಿ. ಸ್ಕೋಪ್‌ಗಾಗಿ ಈ ರೈಫಲ್‌ನ ಉಕ್ಕಿಗೆ ತೂತು ಕೊರೆಸಬೇಡಿ. ನೀವು ಬರೆದಿರುವುದನ್ನು ನೋಡಿದರೆ ಸೈಟ್ ಚೆನ್ನಾಗಿಯೇ ಇದೆ, ವಯಸ್ಸಾಗಿರುವುದು ಕಣ್ಣಿಗೆ. ಅದಕ್ಕೆ ರೈಫಲ್ಲನ್ನು ಮುಟ್ಟದೆಯೇ ಮಾಡಬಹುದಾದ ಉಪಾಯಗಳಿವೆ. ಹಾಗೆಂದು ನಿಮ್ಮ ಹಿರಿಯರ ವಾದವನ್ನು ನಾನು ಪೂರ್ತಿಯಾಗಿ ಒಪ್ಪುವವನೂ ಅಲ್ಲ. ಅವರ ಮಾತು ಅವರ ಕಾಲದ ಸ್ಕೋಪ್‌ಗಳ ಮಟ್ಟಿಗೆ ನಿಜ, ಇಂದಿನವುಗಳ ಮಟ್ಟಿಗೆ ನಿಜವಲ್ಲ. ನಾನು ಬೇಡವೆನ್ನುವುದಕ್ಕೆ ಕಾರಣ ಬೇರೆ: ನಿಮ್ಮ ಮನೆಯಲ್ಲಿರುವಂಥ ರೈಫಲ್ ಒಂದು ದೃಷ್ಟಿರೇಖೆಯ ಸುತ್ತ ಕಟ್ಟಿದ ವಸ್ತು. ಆ ರೇಖೆಯನ್ನು ಬದಲಿಸಿದರೆ ಮರದ ಹಿಡಿ, ಬೋಲ್ಟ್, ಗುಂಡು ತಾನಾಗಿ ಹಾರದಂತೆ ತಡೆಯುವ ಸೇಫ್ಟಿ ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ರೈಫಲ್ ಖಾಲಿಯಾಗಿದೆಯೆಂದು ಎರಡು ಸಲ ಖಚಿತಪಡಿಸಿಕೊಂಡು, ಕಣ್ಣು ಮುಚ್ಚಿ, ಅದನ್ನು ಭುಜಕ್ಕೇರಿಸಿ, ಕೆನ್ನೆಯನ್ನು ಸ್ಟಾಕಿನ (ಭುಜಕ್ಕಾನಿಸುವ ಹಿಡಿಯ) ಮರಕ್ಕೆ ಒತ್ತಿ, ಆಮೇಲೆ ಕಣ್ಣು ತೆರೆಯಿರಿ. ಅಜ್ಜನ ಮೈಕಟ್ಟು ನಿಮಗೂ ಬಂದಿದ್ದರೆ, ಹಿಂದಿನ ಸೈಟಿನ ಅಗಲವಾದ ವಿ ಆಕಾರದ ನಡುವೆ ಮುಂದಿನ ಮಣಿ ತಾನಾಗಿಯೇ ಬಂದು ಕೂತಿರುತ್ತದೆ. ಲಂಡನ್ನಿನ ಕುಶಲಕರ್ಮಿಗಳು ಸ್ಟಾಕಿನ ಮೇಲಂಚನ್ನು ಇಷ್ಟು ತಗ್ಗಿಸಿದ್ದು ಇದಕ್ಕಾಗಿಯೇ. ಸ್ಕೋಪಿನ ನಡುರೇಖೆ ಓಪನ್ ಸೈಟಿನ ರೇಖೆಗಿಂತ ಒಂದೂವರೆಯಿಂದ ಎರಡು ಸೆಂಟಿಮೀಟರ್ ಮೇಲಿರುತ್ತದೆ. ಹಳೆಯ ಬೋಲ್ಟನ್ನು ಹಾಗೆಯೇ ಉಳಿಸಿಕೊಂಡರೆ ಇನ್ನೂ ಹೆಚ್ಚು. ಅಲ್ಲಿಗೆ ಕಣ್ಣನ್ನು ಒಯ್ಯಬೇಕಾದರೆ ಕೆನ್ನೆಯನ್ನು ಮರದಿಂದ ಎತ್ತಲೇಬೇಕು. ಕೆನ್ನೆಗೆ ಆಸರೆ ತಪ್ಪಿದ ಮೇಲೆ ಪ್ರತಿ ಈಡಿಗೂ ಕಣ್ಣು ಒಂದೊಂದು ಕಡೆ ನಿಲ್ಲುತ್ತದೆ, .375ರ ಒದೆತವೂ ನೇರವಾಗಿ ದವಡೆಗೆ ಬಡಿಯುತ್ತದೆ. ಇನ್ನು ಮೌಸರ್ 98ರ ಬೋಲ್ಟ್ ಹಿಡಿಕೆಯನ್ನು ಎತ್ತಿದಾಗ ಅದು ಮೇಲಕ್ಕೆ ಬಂದು ಸ್ಕೋಪಿಗೆ ತಾಗುತ್ತದೆ. ಹಿಂದಿರುವ ರೆಕ್ಕೆಯಂಥ ಸೇಫ್ಟಿಯೂ ನೆತ್ತಿಯ ಮೇಲಿಂದ ಹಾದು ತಿರುಗುವುದರಿಂದ ಅದಕ್ಕೂ ಜಾಗ ಸಾಲದು. ಹಾಗಾಗಿ ಸ್ಕೋಪನ್ನು ತಗ್ಗಿಸಿ ಕೂರಿಸಬೇಕಾದರೆ ಬೋಲ್ಟ್ ಹಿಡಿಕೆಯನ್ನು ಕತ್ತರಿಸಿ ಬಗ್ಗಿಸಬೇಕು, ಸೇಫ್ಟಿಯನ್ನು ಬದಲಿಸಬೇಕು, ಉಕ್ಕಿಗೆ ನಾಲ್ಕು ತೂತು ಕೊರೆದು ಒಳಗೆ ತಿರುಪಿನ ಎಳೆ ಹಾಕಬೇಕು, ಕೊನೆಗೆ ಸ್ಟಾಕಿನ ಮೇಲೆ ಒಂದು ದಿಂಬನ್ನೂ ಕಟ್ಟಬೇಕು. ಇಷ್ಟಾದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಅಜ್ಜನ ರೈಫಲ್ ಅಲ್ಲ. ಅದಕ್ಕಿಂತ ಕಡಿಮೆ ಬೆಲೆಗೆ ಸಿಗುವ ಹೊಸ ರೈಫಲ್ಲಿಗಿಂತ ಉತ್ತಮವಾದದ್ದೂ ಅಲ್ಲ. ಹಳೆಯ ಕೋವಿಗಳ ಬೆಲೆ ಬಲ್ಲವರು ಮೊದಲು ಬೆರಳಾಡಿಸಿ ನೋಡುವುದೇ ಇಂಥ ತೂತುಗಳಿಗಾಗಿ.

ಹಿರಿಯರು ಸ್ಕೋಪ್ ಕೇಳಲಿಲ್ಲವೇಕೆ ಎಂಬುದಕ್ಕೆ ಈಗ ಬರುತ್ತೇನೆ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ .375 ಮ್ಯಾಗ್ನಂ ತೋಟಾವನ್ನು ಹೊರತಂದದ್ದು 1912ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು .416 ರಿಗ್ಬಿ ಬಂದಿತ್ತು. .450 ಬೋರಿನ ರೈಫಲ್‌ಗಳನ್ನು ಬ್ರಿಟಿಷ್ ಸರ್ಕಾರ ಭಾರತದಲ್ಲಿ 1907ರಲ್ಲಿ ನಿರ್ಬಂಧಿಸಿದ್ದರಿಂದ .470, .465ರಂಥ ಜೋಡಿ ನಳಿಗೆಯ ರೈಫಲ್‌ಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹುಟ್ಟಿಕೊಂಡಿದ್ದವು. ಇವೆಲ್ಲಕ್ಕೂ ಇದ್ದದ್ದು ಎಕ್ಸ್‌ಪ್ರೆಸ್ ಸೈಟ್ ಎಂದು ಕರೆಯುವ ಒಂದೇ ಬಗೆಯ ವ್ಯವಸ್ಥೆ: ಹಿಂದೆ ಅಗಲವಾದ, ಆಳವಿಲ್ಲದ ವಿ, ಅದರ ನಡುವೆ ಪ್ಲಾಟಿನಂನದೋ ಬೆಳ್ಳಿಯದೋ ಒಂದು ನೆಟ್ಟನೆಯ ಗೆರೆ, ಮುಂದೆ ದಂತದ ಅಥವಾ ಚಿನ್ನದ ಬಣ್ಣದ ಮಣಿ. ಕಾಗದದ ಗುರಿಗೆ ಹೊಡೆಯುವವರು ಬಳಸುವ ಚೌಕಾಕಾರದ ಕಿರಿದಾದ ಸೀಳನ್ನು ಅವರು ಬೇಕೆಂದೇ ಬಿಟ್ಟರು. ಆಳವಾದ ಸೀಳು ಪ್ರಾಣಿಯ ಅರ್ಧ ಮೈಯನ್ನು ಮರೆಮಾಡುತ್ತದೆ, ಅದರೊಳಗೆ ಮಣಿಯನ್ನು ಹುಡುಕಿ ಕೂರಿಸಲು ಕ್ಷಣಗಳು ಬೇಕಾಗುತ್ತವೆ. ಅಗಲವಾದ ವಿ ಹಾಗಲ್ಲ. ಎರಡೂ ಕಣ್ಣು ತೆರೆದಿಟ್ಟು ಪ್ರಾಣಿಯನ್ನೇ ನೋಡುತ್ತಿದ್ದರೂ ಮಣಿ ತಳಕ್ಕೆ ಜಾರಿ ಬರುತ್ತದೆ.

ಇಲ್ಲೊಂದು ಮಾತನ್ನು ಸೇರಿಸಬೇಕು. ನಮ್ಮ ಕಡೆಯ ಬೇಟೆಗಾರರು ರೈಫಲ್ಲಿಗೆ ಬಂದದ್ದು ಕೇಪಿನ ಕೋವಿಯಿಂದ, ಆಮೇಲೆ 12 ಬೋರಿನ ತೋಟಾ ಕೋವಿಯಿಂದ. ಅವುಗಳಿಗೆ ನಳಿಗೆಯ ತುದಿಯಲ್ಲಿ ಒಂದು ಮಣಿ ಬಿಟ್ಟರೆ ಬೇರೆ ಸೈಟೇ ಇಲ್ಲ. ಹಳುವಿನಿಂದ ನಾಯಿಗಳು ಎಬ್ಬಿಸಿದ ಹಂದಿ ಓಡುವಾಗ ಗುರಿಯಿಡಲು ಪುರುಸೊತ್ತೂ ಇರುತ್ತಿರಲಿಲ್ಲ. ಬೆರಳು ತೋರಿಸುವಂತೆ ಕೋವಿಯನ್ನು ತೋರಿಸಿ ಹೊಡೆಯುವುದೇ ಅಭ್ಯಾಸ. ಅಂಥ ಕೈಗೆ ಎಕ್ಸ್‌ಪ್ರೆಸ್ ಸೈಟ್ ಸಲೀಸಾಗಿ ಒಗ್ಗಿತು, ಏಕೆಂದರೆ ಅದು ತೋರಿಸಿ ಹೊಡೆಯುವುದಕ್ಕೂ ಗುರಿಯಿಟ್ಟು ಹೊಡೆಯುವುದಕ್ಕೂ ನಡುವಿನದು.

ದೂರದ ಲೆಕ್ಕವನ್ನೂ ನೋಡಿ. ಬ್ರಹ್ಮಗಿರಿಯ ಹುಲ್ಲುಗಾವಲುಗಳನ್ನು ಬಿಟ್ಟರೆ ಕೊಡಗಿನ ಕಾಡಿನಲ್ಲಿ, ಅದರಲ್ಲೂ ಲಾಂಟಾನ ಬೆಳೆದ ಅಂಚುಗಳಲ್ಲಿ, 50 ಗಜದಾಚೆ ಏನಾದರೂ ಕಂಡರೆ ಅದೇ ಹೆಚ್ಚು. 4 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪಿನ ನೋಟದ ಅಗಲ 100 ಮೀಟರಿನಲ್ಲಿ ಸುಮಾರು 10 ಮೀಟರ್. ಅಂದರೆ 10 ಮೀಟರಿನಲ್ಲಿ ಬರೀ ಒಂದು ಮೀಟರ್. ಗಾಯಗೊಂಡ ಕಾಟಿಯೊಂದು ಹತ್ತು ಹೆಜ್ಜೆಯಿಂದ ಮೇಲೇರಿ ಬಂದರೆ ಗಾಜಿನ ತುಂಬ ಕಪ್ಪು ಚರ್ಮ ಕಾಣುತ್ತದೆಯೇ ಹೊರತು, ಅದು ಭುಜವೋ ಹೊಟ್ಟೆಯೋ ತಿಳಿಯುವುದಿಲ್ಲ. ದೊಡ್ಡ ಪ್ರಾಣಿಗಳ ಬೇಟೆಗೆ ಓಪನ್ ಸೈಟ್ ಉಳಿದುಕೊಂಡದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ. ನಿಮ್ಮ ರೈಫಲ್‌ನ ಮಡಚುವ ಎಲೆಗಳ ಮೇಲೆ 200, 300 ಎಂದು ಗಜದ ಅಂಕೆಗಳಿದ್ದರೆ ಅವಕ್ಕೆ ಹೆಚ್ಚು ಮರುಳಾಗಬೇಡಿ. 300 ಗ್ರೇನ್ (ಸುಮಾರು 19 ಗ್ರಾಂ) ತೂಕದ ಗುಂಡು ಸೆಕೆಂಡಿಗೆ ಸುಮಾರು 760 ಮೀಟರ್ ವೇಗದಲ್ಲಿ ಹೊರಟು, 100 ಗಜಕ್ಕೆ ಹೊಂದಿಸಿದ್ದರೆ 200 ಗಜದಲ್ಲಿ ಅರ್ಧ ಅಡಿಯ ಆಸುಪಾಸು ಕೆಳಗೆ ಬೀಳುತ್ತದೆ. ಅಷ್ಟಕ್ಕಾಗಿ ಎಲೆ ಮಗುಚುವುದಕ್ಕಿಂತ ಸ್ವಲ್ಪ ಮೇಲೆ ಹಿಡಿಯುವುದು ಸುಲಭ. ಆ ಎಲೆಗಳು ಅಂಗಡಿಯಲ್ಲಿ ಗಿರಾಕಿಯನ್ನು ಮೆಚ್ಚಿಸಿದಷ್ಟು ಕಾಡಿನಲ್ಲಿ ಕೆಲಸ ಮಾಡಿರಲಾರವು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಕಾರಣ ಆ ಕಾಲದ ಗಾಜು. ವಿಯೆನ್ನಾದ ಕಾಲೆಸ್ ಸಂಸ್ಥೆ 1898ರಲ್ಲೇ ಆರಂಭವಾಗಿತ್ತು, ಮೊದಲ ಮಹಾಯುದ್ಧಕ್ಕೂ ಮುಂಚೆ ಜರ್ಮನ್ ಮತ್ತು ಆಸ್ಟ್ರಿಯನ್ ಬೇಟೆಗಾರರು ಸ್ಕೋಪ್‌ಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಆದರೆ ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯಲ್ಲೂ ಶೇಕಡ 4ರಿಂದ 5ರಷ್ಟು ಬೆಳಕು ಹಿಂದಕ್ಕೆ ಪ್ರತಿಫಲಿಸುತ್ತದೆ. ಎಂಟು-ಹತ್ತು ಮೈಗಳನ್ನು ದಾಟಿ ಕಣ್ಣಿಗೆ ಬರುವಷ್ಟರಲ್ಲಿ ಮೂರನೇ ಒಂದು ಭಾಗದಷ್ಟು ಬೆಳಕು ಸೋರಿಹೋಗಿರುತ್ತಿತ್ತು. ಪ್ರತಿಫಲನ ತಡೆಯುವ ಲೇಪನಕ್ಕೆ ಜರ್ಮನಿಯ ಜೈಸ್ ಸಂಸ್ಥೆ ಪೇಟೆಂಟ್ ಪಡೆದದ್ದು 1935ರಲ್ಲಿ. ಕೊಳವೆಯೊಳಗೆ ನೈಟ್ರೋಜನ್ ತುಂಬಿ ಮಂಜು ಕಟ್ಟದಂತೆ ಮಾಡಿದ ಸ್ಕೋಪನ್ನು ಅಮೆರಿಕದ ಲ್ಯೂಪೋಲ್ಡ್ ಮಾರುಕಟ್ಟೆಗೆ ತಂದದ್ದು 1947ರಲ್ಲಿ. ಅದಕ್ಕೂ ಹಿಂದಿನ ಸ್ಕೋಪೊಂದನ್ನು ಜುಲೈ ತಿಂಗಳಲ್ಲಿ ಮಡಿಕೇರಿಗೆ ತಂದಿದ್ದರೆ ಒಳಗೆಲ್ಲ ಆವಿ ಕಟ್ಟಿ, ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನ ಮೇಲೆ ಬೂಸ್ಟು ಬಲೆ ಹೆಣೆದಿರುತ್ತಿತ್ತು. ಅದರ ಮೇಲೆ, ಸ್ಕೋಪನ್ನು ಹೊಂದಿಸಿದಷ್ಟೂ ಒಳಗಿನ ಅಡ್ಡಗೆರೆ ನೋಟದ ನಡುವಿನಿಂದ ಮೂಲೆಗೆ ಸರಿಯುತ್ತಿತ್ತು. ನಿಮ್ಮ ಅಜ್ಜನ ತಲೆಮಾರು ಅದನ್ನು ನಂಬದಿದ್ದುದರಲ್ಲಿ ಅಚ್ಚರಿಯಿಲ್ಲ.

ಆದರೆ ಅವರಿಗೆ ಬೆಳಕಿನ ಕಷ್ಟ ಇರಲೇ ಇಲ್ಲವೆಂದು ತಿಳಿಯಬೇಡಿ. ಮುಸ್ಸಂಜೆಯಲ್ಲಿ ಓಪನ್ ಸೈಟ್ ಕಣ್ಣಿಗೆ ಸಿಗುವುದೇ ಇಲ್ಲ. ಅದಕ್ಕಾಗಿ ಕೆಲವು ರೈಫಲ್‌ಗಳ ತುದಿಯಲ್ಲಿ, ಮಾಮೂಲಿ ಮಣಿಯ ಹಿಂದೆ, ಎತ್ತಿ ನಿಲ್ಲಿಸಬಹುದಾದ ದೊಡ್ಡ ಬಿಳಿ ಮಣಿಯೊಂದನ್ನು ಕೂರಿಸುತ್ತಿದ್ದರು. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕೊಂದದ್ದು ರೈಫಲ್ಲಿಗೆ ಟಾರ್ಚ್ ಕಟ್ಟಿಕೊಂಡು. ಇಂದಿನ ಸಾಧಾರಣ ಸ್ಕೋಪೊಂದು ಆ ಹೊತ್ತಿನಲ್ಲಿ ತೋರಿಸುವಷ್ಟನ್ನು ಅಂದಿನ ಯಾವ ಮಣಿಯೂ ತೋರಿಸುತ್ತಿರಲಿಲ್ಲ. ಇಂದು ಯಾರಾದರೂ ಓಪನ್ ಸೈಟ್ ಎಲ್ಲದರಲ್ಲೂ ಮೇಲು ಎಂದರೆ ಅದು ಅಭಿಮಾನದ ಮಾತಾಗುತ್ತದೆಯೇ ಹೊರತು ಅನುಭವದ ಮಾತಾಗುವುದಿಲ್ಲ.

ಇನ್ನು ನಿಮ್ಮ ಕಣ್ಣಿನ ವಿಷಯ. ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮಗೆ ಉಪಯೋಗವಾಗುವ ಭಾಗ ಇದೇ. ಓಪನ್ ಸೈಟಿನಲ್ಲಿ ಕಣ್ಣು ಮೂರು ವಸ್ತುಗಳನ್ನು ಒಂದೇ ಗೆರೆಗೆ ತರಬೇಕು: ಸುಮಾರು ಮೊಳದಷ್ಟು ದೂರದ ಹಿಂದಿನ ವಿ, ಒಂದು ಮೀಟರಿಗೆ ಸ್ವಲ್ಪ ಕಡಿಮೆ ದೂರದ ಮಣಿ, 50 ಮೀಟರ್ ದೂರದ ಗುರಿ. ಕಣ್ಣು ಒಂದು ಸಲಕ್ಕೆ ಒಂದನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲದು. ಹರೆಯದಲ್ಲಿ ಕಣ್ಣಿನ ಮಸೂರ ಮೂರರ ನಡುವೆ ಎಷ್ಟು ಬೇಗ ಓಡಾಡುತ್ತದೆಂದರೆ ಮೂರೂ ಸ್ಪಷ್ಟವಾಗಿವೆಯೆಂಬ ಭ್ರಮೆ ಹುಟ್ಟುತ್ತದೆ. ನಲವತ್ತರ ನಂತರ ಮಸೂರ ಬಿಗಿಯುತ್ತ ಹೋಗಿ, ಐವತ್ತು ದಾಟಿದಾಗ ಗುರಿ ಸ್ಪಷ್ಟವಾಗಿ ಉಳಿದು, ಮಣಿ ಹತ್ತಿಯುಂಡೆಯಂತಾಗುತ್ತದೆ. ಆಗ ಸಹಜವಾಗಿ ಎಲ್ಲರೂ ಮಾಡುವುದು ಗುರಿಯನ್ನು ದಿಟ್ಟಿಸುವುದು. ಅದು ಸರಿಯಲ್ಲ, ಸ್ಪಷ್ಟವಾಗಿರಬೇಕಾದದ್ದು ಮಣಿಯೇ, ಗುರಿ ಕೊಂಚ ಮಸುಕಾದರೂ ನಡೆಯುತ್ತದೆ. ಲೆಕ್ಕ ಹೀಗಿದೆ: ಎರಡು ಸೈಟುಗಳ ನಡುವಿನ ಅಂತರ 50 ಸೆಂಟಿಮೀಟರ್ ಇದ್ದು, ಮಣಿಯನ್ನು ಕೂರಿಸುವಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ, 50 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. ಅಷ್ಟು ತಪ್ಪಿದರೆ ನಡುವಿಗೆ ಇಟ್ಟ ಗುರಿ ಸುಲಿದ ತೆಂಗಿನಕಾಯಿಯ ಹೊರಗೆ ಹೋದಂತೆಯೇ.

ಇದಕ್ಕೆ ಮೊದಲ ಮದ್ದು ಕನ್ನಡಕ. ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಓದುವ ಕನ್ನಡಕ ಬೇಡ, ದೂರದ ನೋಟದ ನಂಬರಿಗೆ ಅರ್ಧದಿಂದ ಮುಕ್ಕಾಲು ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ಸೇರಿಸಿ, ಗುರಿಯಿಡುವ ಕಣ್ಣಿಗೆ ಮಾತ್ರ ಒಂದು ಗಾಜು ಮಾಡಿಸಿಕೊಡಿ ಎಂದು ಕೇಳಿ. ನಿಮ್ಮ ಕಣ್ಣಿನಿಂದ ಮಣಿಯವರೆಗಿನ ದೂರವನ್ನು ಟೇಪಿನಲ್ಲಿ ಅಳೆದು ಬರೆದುಕೊಂಡು ಹೋದರೆ ಅವರಿಗೂ ಸುಲಭ. ಕೋವಿಯನ್ನು ಆಸ್ಪತ್ರೆಗೆ ಒಯ್ಯುವ ಗೊಡವೆಯೇ ಬೇಡ. ಎರಡು ಗಾಜಿನ ಬೈಫೋಕಲ್ ಇದಕ್ಕೆ ಆಗದು, ಏಕೆಂದರೆ ಕೆನ್ನೆ ಒತ್ತಿದಾಗ ನೀವು ನೋಡುವುದು ಗಾಜಿನ ಮೇಲ್ತುದಿಯಿಂದ.

ಎರಡನೆಯದು ಮಣಿ. ಒಂದು ಅಂಗುಲದ ಹದಿನಾರನೇ ಒಂದು ಭಾಗದ, ಅಂದರೆ 1.6 ಮಿಲಿಮೀಟರಿನ ಮಣಿ 90 ಸೆಂಟಿಮೀಟರ್ ದೂರದಲ್ಲಿದ್ದರೆ, 50 ಮೀಟರ್ ಆಚೆ ಸುಮಾರು 9 ಸೆಂಟಿಮೀಟರಿನಷ್ಟನ್ನು ಮುಚ್ಚುತ್ತದೆ, 100 ಮೀಟರಿನಲ್ಲಿ ಅದರ ಎರಡರಷ್ಟನ್ನು. ದೊಡ್ಡ ಪ್ರಾಣಿಗಳಿಗೆಂದು ಮಾಡಿದ ಮಣಿಗಳು ಇದಕ್ಕಿಂತಲೂ ದಪ್ಪವಾಗಿರುತ್ತಿದ್ದವು. ಕಾಟಿಯ ಭುಜಕ್ಕೆ ಇದು ಲೆಕ್ಕಕ್ಕೇ ಬಾರದು, ಆದರೆ ತೆಂಗಿನಕಾಯಿ ಮಣಿಯ ಹಿಂದೆ ಹೆಚ್ಚುಕಡಿಮೆ ಪೂರ್ತಿ ಮರೆಯಾಗಿಬಿಡುತ್ತದೆ. ಹಾಗಾಗಿ ಕಾಯಿಯನ್ನು ಮಣಿಯಿಂದ ಮುಚ್ಚದೆ, ಮಣಿಯ ತಲೆಯ ಮೇಲೆ ಕಾಯಿ ಕೂತಂತೆ ಹಿಡಿದು, ಗುಂಡು ಮಣಿಯ ತಲೆಗಿಂತ ಒಂದು ಗೇಣಿನ ಕಾಲುಭಾಗದಷ್ಟು ಮೇಲೆ ಬೀಳುವಂತೆ ಮೊದಲೇ ಹೊಂದಿಸಿಕೊಳ್ಳಬೇಕು.

ಬಣ್ಣವೂ ಮುಖ್ಯ. ಬಿಳಿ ಮಣಿಯನ್ನು ಮಾಡಿದ್ದು ನೆರಳಿನಲ್ಲಿ ನಿಂತ ಕಪ್ಪು ಚರ್ಮದ ಮೇಲೆ ಎದ್ದು ಕಾಣಲೆಂದು. ನೀವು ನೋಡಬೇಕಾದದ್ದು ಮರದ ತುದಿಗೆ ಕಟ್ಟಿದ ಕಾಯಿಯನ್ನು. ಅದರ ಹಿಂದಿರುವುದು ಸೆಪ್ಟೆಂಬರಿನ ಬಿಳಿ ಮೋಡ. ಬಿಳಿಯ ಮೇಲೆ ಬಿಳಿ ಮಣಿ ಕಾಣದಿರುವುದಕ್ಕೆ ನಿಮ್ಮ ವಯಸ್ಸನ್ನೊಂದನ್ನೇ ದೂರಬೇಕಾಗಿಲ್ಲ. ಇನ್ನೂ ಒಂದು ತೊಡಕಿದೆ: ಬಿಸಿಲು ಬಲಗಡೆಯಿಂದ ಬಿದ್ದರೆ ಮಣಿಯ ಬಲಭಾಗ ಮಾತ್ರ ಹೊಳೆಯುತ್ತದೆ, ಕಣ್ಣು ಆ ಹೊಳಪನ್ನೇ ಇಡೀ ಮಣಿಯೆಂದು ತಿಳಿದು ವಿಯ ನಡುವೆ ತರುತ್ತದೆ, ಗುಂಡು ಎಡಕ್ಕೆ ಹೋಗುತ್ತದೆ. ಬಿಸಿಲು ಯಾವ ಕಡೆಯಿಂದ ಬಂದರೂ ಗುಂಡು ಅದರ ವಿರುದ್ಧ ದಿಕ್ಕಿಗೇ ಸರಿಯುವುದು. ಇದಕ್ಕೆ ಹಳೆಯ ಗುರಿಕಾರರು ಮಾಡುತ್ತಿದ್ದ ಉಪಾಯ ತುಂಬ ಸುಲಭದ್ದು: ಕರ್ಪೂರ ಹಚ್ಚಿ, ಏಳುವ ಹೊಗೆಯ ಮಸಿಯನ್ನು ಎರಡೂ ಸೈಟುಗಳಿಗೆ ಹಿಡಿಸುವುದು. ಉರಿ ಮಣಿಗೆ ತಾಗಬಾರದು, ಹೊಗೆ ಮಾತ್ರ ಸಾಕು. ಕೋವಿ ಖಾಲಿಯಿರಬೇಕು, ತೋಟಾ ಮತ್ತು ಮದ್ದು ಆ ಕೋಣೆಯಲ್ಲೇ ಇರಬಾರದು. ಬೆಳಕನ್ನು ನುಂಗುವ ಅಂಥ ಕಪ್ಪನ್ನು ಯಾವ ಬಣ್ಣವೂ ಕೊಡಲಾರದು, ಬೇಡವಾದಾಗ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಹಾಗೆಯೇ, ಮಣಿ ಒಡೆದಿದ್ದರೆ ಹೊಸ ದಂತದ ಮಣಿಗಾಗಿ ಯಾರನ್ನೂ ಕೇಳಬೇಡಿ. ಆನೆದಂತದ ವ್ಯವಹಾರ ಇಂದು ಅಪರಾಧ. ಹಿತ್ತಾಳೆಯದೋ ಉಕ್ಕಿನದೋ ಮಣಿ ಅದಕ್ಕಿಂತ ಗಟ್ಟಿ.

ಇಷ್ಟರಿಂದಲೂ ಆಗಲಿಲ್ಲವೆಂದರೆ ಮೂರನೆಯ ದಾರಿ ಪೀಪ್ ಸೈಟ್, ಅಂದರೆ ಕಣ್ಣಿನ ಹತ್ತಿರ ಕೂರುವ ಒಂದು ಸಣ್ಣ ಉಂಗುರ. ಓಪನ್ ಸೈಟ್ ಮತ್ತು ಸ್ಕೋಪುಗಳ ಜಗಳದಲ್ಲಿ ಇದನ್ನು ಎಲ್ಲರೂ ಮರೆಯುತ್ತಾರೆ, ಆದರೆ ನಿಮ್ಮ ವಯಸ್ಸಿನವರಿಗೆ, ಈ ಬಗೆಯ ರೈಫಲ್ಲಿಗೆ, ಸೈಟನ್ನೇ ಬದಲಿಸುವುದಾದರೆ ನನ್ನ ಮೊದಲ ಆಯ್ಕೆ ಇದೇ. ಉಂಗುರದ ಮೂಲಕ ನೋಡುವಾಗ ಕಣ್ಣು ಅದನ್ನು ನೋಡುವುದೇ ಇಲ್ಲ. ಮಣಿಯನ್ನು ತಾನಾಗಿ ಅದರ ನಡುವೆ ತಂದುಕೊಳ್ಳುತ್ತದೆ. ಮೂರು ವಸ್ತುಗಳಿದ್ದಲ್ಲಿ ಎರಡೇ ಉಳಿಯುತ್ತವೆ. ಕಿರಿದಾದ ತೂತಿನಿಂದ ಬಂದ ಬೆಳಕಿನಲ್ಲಿ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತವೆ, ಹೊಲಿಗೆಯವರು ಕಣ್ಣು ಕಿರಿದಾಗಿಸಿ ಸೂಜಿಗೆ ದಾರ ಪೋಣಿಸುವುದೂ ಇದೇ ತತ್ತ್ವದಿಂದ. ಜೊತೆಗೆ ಎರಡು ಸೈಟುಗಳ ಅಂತರ ಒಂದು ಗೇಣಿನಷ್ಟು ಹೆಚ್ಚುವುದರಿಂದ ಕೈತಪ್ಪಿನ ಪರಿಣಾಮವೂ ಕಡಿಮೆ. ಕಾಗದದ ಗುರಿಗೆ ಒಂದು-ಒಂದೂವರೆ ಮಿಲಿಮೀಟರಿನ ತೂತು ಒಳ್ಳೆಯದು, ಬೆಳಕು ಕಡಿಮೆಯಿದ್ದರೆ ಅಥವಾ ಬೇಗ ಹೊಡೆಯಬೇಕಾದರೆ 5 ಮಿಲಿಮೀಟರಿನ ತೂತೂ ತೆಳುವಾದ ಅಂಚೂ ಬೇಕು. ಪೀಪ್ ಸೈಟುಗಳಲ್ಲಿ ಕೆಲವಕ್ಕೆ ಪಕ್ಕದಿಂದ ತೂತು ಕೊರೆಯಬೇಕಾಗುತ್ತದೆ. ಬೋಲ್ಟಿನ ಹಿಂತುದಿಯ ಭಾಗವನ್ನಷ್ಟೇ ಬದಲಿಸಿ ಕೂರಿಸುವ ಬಗೆಗೆ ಅದು ಬೇಡ. ಎರಡನೆಯದನ್ನೇ ಹುಡುಕಿ, ಮೂಲ ಭಾಗವನ್ನು ಎಣ್ಣೆ ಹಚ್ಚಿ ಎತ್ತಿಡಿ. ಉಂಗುರ ಕಣ್ಣಿಗೆ ತೀರ ಹತ್ತಿರ ಬಾರದಂತೆ ನೋಡಿಕೊಳ್ಳುವುದು ಮಾತ್ರ ಅಗತ್ಯ, .375 ಹಿಂದಕ್ಕೆ ಬರುವುದು ಸಣ್ಣ ಪ್ರಮಾಣದಲ್ಲಲ್ಲ.

ತಮ್ಮನ ಮಗ ಇಷ್ಟಕ್ಕೂ ಒಪ್ಪದೆ, ಸ್ಕೋಪೇ ಬೇಕೆಂದರೆ, ಅವನಿಗೆ ತಿಳಿದಿರಬೇಕಾದ ಸಂಗತಿಗಳಿವು. .375ರ ಒದೆತ ಅದೇ ತೂಕದ, ಬೇಟೆಗೆ ಸಾಮಾನ್ಯವಾಗಿ ಬಳಸುವ .30-06 ರೈಫಲ್ಲಿನ ಸುಮಾರು ಎರಡು ಪಟ್ಟು. ಕಣ್ಣಿಗೂ ಹಿಂದಿನ ಗಾಜಿಗೂ ಕನಿಷ್ಠ 9ರಿಂದ 10 ಸೆಂಟಿಮೀಟರ್ ಅಂತರ ಕೊಡದ ಸ್ಕೋಪ್ ಹುಬ್ಬನ್ನು ಅರ್ಧಚಂದ್ರಾಕಾರದಲ್ಲಿ ಸೀಳುತ್ತದೆ. ಮೇಲ್ಮುಖವಾಗಿ ಹೊಡೆಯುವಾಗ ತಲೆ ತನಗರಿವಿಲ್ಲದೆ ಮುಂದಕ್ಕೆ ಬಾಗಿ ಆ ಅಂತರ ಇನ್ನೂ ಕಿರಿದಾಗುತ್ತದೆ. ಮರದ ತುದಿಯ ತೆಂಗಿನಕಾಯಿಗೆ ನೀವು ಹೊಡೆಯುವುದೂ ಹಾಗೆಯೇ ಎಂಬುದನ್ನು ನೆನಪಿಡಿ. ದೊಡ್ಡ ಸಂಖ್ಯೆಯ ಸ್ಕೋಪಿಗೆ ಆಸೆಪಡಬೇಕಾಗಿಲ್ಲ. 1ರಿಂದ 4 ಪಟ್ಟಿನ, ಮುಂದಿನ ಗಾಜು 24 ಮಿಲಿಮೀಟರ್ ಇರುವ ಸ್ಕೋಪ್ ಈ ಬಗೆಯ ರೈಫಲ್ಲಿಗೆ ಸಾಕಾದೀತು. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 24ನ್ನು 4ರಿಂದ ಭಾಗಿಸಿದರೆ 6 ಮಿಲಿಮೀಟರ್. ನಿಮ್ಮ ವಯಸ್ಸಿನ ಕಣ್ಣುಪಾಪೆ ಕತ್ತಲಲ್ಲೂ 5 ಮಿಲಿಮೀಟರಿನ ಆಸುಪಾಸಿಗಿಂತ ಹೆಚ್ಚು ಹಿಗ್ಗುವುದು ಅಪರೂಪವಾದ್ದರಿಂದ, 50 ಮಿಲಿಮೀಟರಿನ ಹೂಜಿಯಂಥ ಸ್ಕೋಪಿಗೆ ತೆತ್ತ ಹಣ ಕಣ್ಣಿಗೆ ಮುಟ್ಟುವುದಿಲ್ಲ.

ಹಳೆಯ ರೈಫಲ್‌ಗಳಲ್ಲಿ ಕೆಲವಕ್ಕೆ ತಯಾರಕರೇ ಪಕ್ಕದಲ್ಲಿ ಸನ್ನೆಕೋಲು ಒತ್ತಿ ಕಳಚುವ ಸ್ಕೋಪ್ ಹಿಡಿಕೆಯ ತಳಪಾಯವನ್ನು ಕೂರಿಸಿ ಕೊಡುತ್ತಿದ್ದರು. ನಿಮ್ಮದರಲ್ಲಿ ಅದಿದ್ದರೆ ನನ್ನ ಮೊದಲ ಮಾತನ್ನು ಹಿಂತೆಗೆದುಕೊಳ್ಳಬಹುದು, ಏಕೆಂದರೆ ಆಗ ಆ ರೈಫಲ್ ಸ್ಕೋಪಿಗೆಂದೇ ಹುಟ್ಟಿದ್ದು. ಕೊಡಗಿನ ಮನೆಗಳಲ್ಲಿ ಸಿಗುವ ಬೇರೆ ಕೋವಿಗಳ ಬಗೆಗೂ ಒಂದೆರಡು ಮಾತು: .405 ವಿಂಚೆಸ್ಟರ್ ಮಾಡೆಲ್ 1895 ಖಾಲಿ ತೋಟಾವನ್ನು ನೇರ ಮೇಲಕ್ಕೆ ಎಸೆಯುವುದರಿಂದ ಅದರ ನೆತ್ತಿಯ ಮೇಲೆ ಸ್ಕೋಪ್ ಕೂರಿಸಲು ಬರುವುದೇ ಇಲ್ಲ. ಜೋಡಿ ನಳಿಗೆಯ ನೈಟ್ರೋ ಎಕ್ಸ್‌ಪ್ರೆಸ್ ರೈಫಲ್‌ನ ಎರಡೂ ನಳಿಗೆಗಳನ್ನು ಒಂದು ಗೊತ್ತಾದ ತೋಟಾಕ್ಕೆ ಮಾತ್ರ ಒಂದೇ ಗುರಿಗೆ ಬೀಳುವಂತೆ ಹೊಂದಿಸಿರುತ್ತಾರೆ. ತೋಟಾ ಬದಲಾದರೆ ಎರಡು ನಳಿಗೆಗಳೂ ಎರಡು ಕಡೆ ಹೊಡೆಯುತ್ತವೆ, ಅದನ್ನು ಯಾವ ಸ್ಕೋಪೂ ಸರಿಮಾಡದು. ಬಂಗಾಳದ ಈಶಾಪುರದ ಸರ್ಕಾರಿ ಕೋವಿ ಕಾರ್ಖಾನೆಯ .315 ರೈಫಲ್ಲಿಗೆ ಮಾತ್ರ ಧೈರ್ಯವಾಗಿ ಸ್ಕೋಪ್ ಕೂರಿಸಿ, ಅದರಲ್ಲಿ ಹಾಳಾಗುವಂಥ ಪುರಾತನ ಮೌಲ್ಯವೇನೂ ಇಲ್ಲ.

ಸ್ಪರ್ಧೆಯ ಬಗ್ಗೆ ಕೊನೆಗೊಂದು ಗಂಭೀರ ಮಾತು. ತೆಂಗಿನಕಾಯಿಗೆ .375 ಹೊಡೆಯುವ ಯೋಚನೆಯನ್ನೇ ನಾನು ಒಪ್ಪುವುದಿಲ್ಲ, ಸೈಟ್ ಯಾವುದಾದರೂ ಇರಲಿ. ಮೇಲ್ಮುಖವಾಗಿ ಹಾರಿದ ಆ ಗುಂಡು ಕಾಯಿಯನ್ನು ಒಡೆದ ಮೇಲೂ, ಹಿಂದೆ ಗುಡ್ಡವಿಲ್ಲದಿದ್ದರೆ, ಕೆಲವು ಕಿಲೋಮೀಟರ್ ದೂರ ಹೋಗಿ ತೋಟದ ಕಾರ್ಮಿಕರ ಯಾವುದೋ ಲೈನ್ ಮನೆಯ ಮೇಲೆ ಬಿದ್ದೀತು. ಹೆಚ್ಚಿನ ಕಡೆ ಸ್ಪರ್ಧೆಗಳನ್ನು .22 ಮತ್ತು 12 ಬೋರಿಗೆ ಬೇರೆಬೇರೆಯಾಗಿ ನಡೆಸುತ್ತಾರೆ. ಸ್ಕೋಪಿಗೆ ಅವಕಾಶವಿದೆಯೇ ಎಂದು ಸಂಘಟಕರನ್ನು ಮೊದಲೇ ಕೇಳಿ. ಅವಕಾಶವಿದ್ದರೆ ಹುಡುಗನಿಗೆ ಒಂದು .22 ರೈಫಲ್ಲಿಗೆ 4 ಪಟ್ಟಿನ ಸ್ಕೋಪ್ ಕೂರಿಸಿಕೊಡಿ. ಅಜ್ಜನ ರೈಫಲ್ ಕೈಲ್ ಮುಹೂರ್ತದ ದಿನ ಕೋವಿಯ ತುದಿಗೆ ಸಿಕ್ಕಿಸುವ ತೋಕ್ ಹೂವಿನೊಂದಿಗೆ ಪೂಜೆಗೆ ನಿಲ್ಲಲಿ, ಆಮೇಲೆ ಎತ್ತರದ ಮಣ್ಣಿನ ದಿಬ್ಬವಿರುವ ಫೈರಿಂಗ್ ರೇಂಜಿನಲ್ಲಿ ಕಾಗದದ ಗುರಿಗೆ ಹೊಡೆಯಲಿ. ಕಾಡಿನ ಕೆಲಸವಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೇ ಅದಕ್ಕೆ ಮುಗಿಯಿತು.

ರಿಪೇರಿಗೆ ಕೊಡುವಾಗ ಒಂದನ್ನು ಗಮನಿಸಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಇರುವ ವಿನಾಯಿತಿ 2029ರವರೆಗೆ ವಿಸ್ತರಣೆಯಾಗಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವವರಿಗೆ ಸಂಬಂಧಿಸಿದ್ದು. ಕೋವಿಯನ್ನು ದುರಸ್ತಿ ಮಾಡುವವರಿಗೆ ಪರವಾನಗಿ ಇರಲೇಬೇಕು. ಮಣಿ ಬದಲಿಸುವಂಥ ಸಣ್ಣ ಕೆಲಸವನ್ನೂ ಪೇಟೆಯ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ.

ರೇಂಜಿಗೆ ಹೋದಾಗ ಮೊದಲು 25 ಮೀಟರಿನಲ್ಲಿ, ಮರಳಿನ ಚೀಲದ ಮೇಲೆ ಕೈಯೂರಿ, ಒಂದೇ ಪೆಟ್ಟಿಗೆಯ ತೋಟಾದಿಂದ ಮೂರು ಗುಂಡು ಹೊಡೆಯಿರಿ. ನಡುನಡುವೆ ನಳಿಗೆ ತಣಿಯಲು ಬಿಡಿ. ಗುಂಪು ಎಡಕ್ಕಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ಸರಿಸಬೇಕು, ಮುಂದಿನದನ್ನಾದರೆ ಎಡಕ್ಕೆ. ಗುಂಡು ಮೇಲೆ ಬೀಳುತ್ತಿದ್ದರೆ ಎತ್ತರದ ಮಣಿ ಬೇಕು, ಕೆಳಗೆ ಬೀಳುತ್ತಿದ್ದರೆ ಗಿಡ್ಡದು. ಅರದಿಂದ ಉಜ್ಜುವುದಾದರೆ ಹೊಸ ಮಣಿಯನ್ನು ಉಜ್ಜಿ, ಹಳೆಯದನ್ನಲ್ಲ. ಅನಂತರ 50 ಮೀಟರಿಗೆ ಹೋಗಿ. ಹೊಸ ಕನ್ನಡಕ ಮತ್ತು ಕರ್ಪೂರದ ಮಸಿಯೊಂದಿಗೆ ಅಲ್ಲಿ ಮೂರೂ ಗುಂಡುಗಳು 10 ಸೆಂಟಿಮೀಟರಿನ ವೃತ್ತದೊಳಗೆ ಬಿದ್ದರೆ ಆ ರೈಫಲ್ಲಿಗೆ ಇನ್ನೇನೂ ಮಾಡಬೇಕಾಗಿಲ್ಲ. ಬೀಳದಿದ್ದರೆ ಪೀಪ್ ಸೈಟಿನ ಬಗೆಗೆ ದುರಸ್ತಿಗಾರರೊಂದಿಗೆ ಮಾತನಾಡಿ, ಹೋಗುವಾಗ ಬೋಲ್ಟಿನ ಹಿಂತುದಿಯ ಒಂದು ಸ್ಪಷ್ಟವಾದ ಫೋಟೊ ತೆಗೆದುಕೊಂಡು ಹೋಗಿ.